ಅರಿಜೋನಾದ ಕಾಯಿದೆ: ಗಡಿ ಯಾರದು, ಹೊರೆ ಯಾರದು?

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಕ್ರಮ ವಲಸೆಯನ್ನು ತಡೆಯಲು ರಾಜ್ಯಗಳು ತಾವೇ ಕಠಿಣ ಶಾಸನಗಳನ್ನು ಮಾಡಬಹುದೆ, ಮಾಡಿದರೆ ಅದರ ಪರಿಣಾಮ ಯಾರ ಮೇಲಾಗುತ್ತದೆ ಎಂಬ ಪ್ರಶ್ನೆಯನ್ನು ಈ ಸಂಜೆಯ ಚರ್ಚೆಗೆ ಆರಿಸಿಕೊಂಡಿದ್ದೀರಿ. ಕೇಂದ್ರ ಸರಕಾರದ ಸೇವೆಯಲ್ಲಿರುವವನು ನಡತೆಯ ನಿಯಮಗಳಿಗೆ ಬದ್ಧನಾದವನು. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನನ್ನ ಸ್ವಂತ ಅಭಿಪ್ರಾಯ, ನನ್ನ ಇಲಾಖೆಯದಲ್ಲ ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ದೇಶದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮಾತಿನ ಹೆಚ್ಚಿನ ಭಾಗವನ್ನು ಅಮೆರಿಕದ ಅರಿಜೋನಾ ರಾಜ್ಯಕ್ಕೆ ಮೀಸಲಿಡುವವನಿದ್ದೇನೆ. ಹತ್ತಿರದ ಜಗಳದಲ್ಲಿ ನಮ್ಮ ನಮ್ಮ ಪಕ್ಷಪಾತಗಳು ಅಡ್ಡ ಬರುತ್ತವೆ. ದೂರದ ಜಗಳದಲ್ಲಿ ತತ್ತ್ವ ಸ್ವಲ್ಪ ತಿಳಿಯಾಗಿ ಕಾಣಿಸುತ್ತದೆ.

2010ರ ಏಪ್ರಿಲ್ 23ರಂದು ಅರಿಜೋನಾದ ಗವರ್ನರ್ ಜ್ಯಾನ್ ಬ್ರೂವರ್ ಅವರು ಒಂದು ಮಸೂದೆಗೆ ಸಹಿ ಹಾಕಿದರು. ಅಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ, ಜನರಿಂದ ಚುನಾಯಿತರಾಗುವ ಆಡಳಿತದ ಮುಖ್ಯಸ್ಥರು ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಸೆನೇಟ್ ಮಸೂದೆ 1070 ಎಂಬ ಸಂಖ್ಯೆಯಿಂದ ಜಗತ್ಪ್ರಸಿದ್ಧವಾದ ಆ ಶಾಸನದ ಪ್ರವರ್ತಕರು ರಸೆಲ್ ಪಿಯರ್ಸ್ ಎಂಬ ರಾಜ್ಯ ಸೆನೇಟರು. ಅಕ್ರಮ ವಲಸೆಗಾರರಿಗೆ ಬದುಕನ್ನೇ ದುಸ್ತರಗೊಳಿಸಿ, ಅವರು ತಾವಾಗಿಯೇ ರಾಜ್ಯವನ್ನು ಬಿಟ್ಟು ಹೋಗುವಂತೆ ಮಾಡುವುದೇ ಉದ್ದೇಶವೆಂದು ಶಾಸನದ ಆರಂಭದಲ್ಲಿಯೇ ಸಾರಲಾಗಿತ್ತು. ಶಾಸನಗಳು ತಮ್ಮ ಉದ್ದೇಶವನ್ನು ಇಷ್ಟು ಬಿಚ್ಚಿ ಹೇಳುವುದು ಅಪರೂಪ.

ಅದರಲ್ಲಿ ನಾಲ್ಕು ವಿಧಿಗಳು ಮುಖ್ಯವಾಗಿದ್ದವು. ವಿದೇಶೀಯನು ನೋಂದಣಿ ಪತ್ರವನ್ನು ಸದಾ ಜೊತೆಗಿಟ್ಟುಕೊಳ್ಳದಿದ್ದರೆ ಅದು ರಾಜ್ಯದ ಕಾನೂನಿನ ಪ್ರಕಾರವೂ ಅಪರಾಧ. ಪರವಾನಗಿಯಿಲ್ಲದವನು ಕೆಲಸ ಮಾಡುವುದು, ಕೆಲಸ ಕೇಳುವುದು ಕೂಡ ಅಪರಾಧ. ಗಡೀಪಾರಿಗೆ ಅರ್ಹನಾಗುವಂಥ ಅಪರಾಧ ಮಾಡಿದನೆಂದು ನಂಬಲು ಕಾರಣವಿದ್ದರೆ ವಾರಂಟ್ ಇಲ್ಲದೆಯೇ ದಸ್ತಗಿರಿ. ನಾಲ್ಕನೆಯದೇ ಎಲ್ಲಕ್ಕಿಂತ ಹೆಚ್ಚು ಗದ್ದಲಕ್ಕೆ ಕಾರಣವಾದದ್ದು: ಪೋಲೀಸರು ಬೇರಾವುದಾದರೂ ಕಾರಣಕ್ಕೆ ಒಬ್ಬನನ್ನು ನಿಲ್ಲಿಸಿದಾಗ, ಅವನು ಅಕ್ರಮವಾಗಿ ದೇಶದಲ್ಲಿದ್ದಾನೆಂಬ ‘ಸಕಾರಣ ಸಂಶಯ’ ಬಂದರೆ, ಅವನ ವಲಸೆಯ ಸ್ಥಿತಿಗತಿಯನ್ನು ವಿಚಾರಿಸಲೇಬೇಕು. ಹಾಗೆ ವಿಚಾರಿಸದಂತೆ ಯಾವುದಾದರೂ ಪೋಲೀಸ್ ಇಲಾಖೆ ಧೋರಣೆ ತಳೆದರೆ, ರಾಜ್ಯದ ಯಾವ ನಿವಾಸಿಯಾದರೂ ಆ ಇಲಾಖೆಯ ಮೇಲೆ ದಾವೆ ಹೂಡಬಹುದಿತ್ತು. ದಿನವೊಂದಕ್ಕೆ 500ರಿಂದ 5000 ಡಾಲರುಗಳ ತನಕ ದಂಡ. ನನ್ನಂಥ ಕಡತದ ಮನುಷ್ಯನಿಗೆ ಕಣ್ಣಿಗೆ ಬೀಳುವುದು ಈ ಕೊನೆಯ ಅಂಶವೇ. ಅಧಿಕಾರಿಗೆ ವಿವೇಚನೆಯನ್ನು ಕೊಟ್ಟಂತೆ ಮಾಡಿ, ಆ ವಿವೇಚನೆಯನ್ನು ಒಂದೇ ದಿಕ್ಕಿನಲ್ಲಿ ಬಳಸಬೇಕೆಂದು ಬೆನ್ನ ಹಿಂದೆ ಚಾಟಿ ಹಿಡಿದು ನಿಂತ ಕಾನೂನು ಅದು.

ಸಂಶಯಕ್ಕೆ ಕಾರಣ ಯಾವುದು? ಮೆಕ್ಸಿಕೋದಿಂದ ನಡೆದು ಬಂದವನ ಹಣೆಯ ಮೇಲೆ ಏನೂ ಬರೆದಿರುವುದಿಲ್ಲ. ಮೊದಲ ಕರಡಿನಲ್ಲಿ, ಜನಾಂಗ ಅಥವಾ ಮೈಬಣ್ಣ ‘ಮಾತ್ರವೇ’ ಸಂಶಯಕ್ಕೆ ಆಧಾರವಾಗಕೂಡದು ಎಂದಿತ್ತು. ಆಕ್ಷೇಪಗಳ ಸುರಿಮಳೆಯಾದ ಮೇಲೆ ಒಂದೇ ವಾರದಲ್ಲಿ ತಿದ್ದುಪಡಿ ತಂದು ಆ ‘ಮಾತ್ರವೇ’ ಎಂಬ ಪದವನ್ನು ತೆಗೆದುಹಾಕಿದರು. ಒಳ್ಳೆಯದೇ ಆಯಿತು. ಆದರೆ ಬಣ್ಣವನ್ನೂ ಭಾಷೆಯ ಧಾಟಿಯನ್ನೂ ಬಿಟ್ಟ ಮೇಲೆ, ರಸ್ತೆಯಲ್ಲಿ ನಿಂತ ಪೋಲೀಸಿನವನಿಗೆ ಸಂಶಯಪಡಲು ಉಳಿಯುವುದಾದರೂ ಏನು? ಅರಿಜೋನಾದ 64 ಲಕ್ಷ ಜನರಲ್ಲಿ ಆಗ ಹತ್ತರಲ್ಲಿ ಮೂವರು ಲ್ಯಾಟಿನೋ ಮೂಲದವರು. ಅವರಲ್ಲಿ ಅನೇಕರ ಪೂರ್ವಜರು ಆ ನೆಲ ಮೆಕ್ಸಿಕೋಕ್ಕೆ ಸೇರಿದ್ದ ಕಾಲದಿಂದಲೂ ಅಲ್ಲಿಯೇ ಇದ್ದವರು. ಅವರು ಗಡಿಯನ್ನು ದಾಟಲಿಲ್ಲ. 1848ರಲ್ಲಿ, ಮತ್ತೆ 1854ರಲ್ಲಿ, ಗಡಿಯೇ ಅವರನ್ನು ದಾಟಿ ದಕ್ಷಿಣಕ್ಕೆ ಸರಿಯಿತು.

ಇಷ್ಟು ಕೇಳಿದೊಡನೆ ಅರಿಜೋನಾದವರೆಲ್ಲ ವರ್ಣದ್ವೇಷಿಗಳೆಂದು ತೀರ್ಪು ಕೊಟ್ಟು ಎದ್ದುಹೋಗುವುದು ಸುಲಭ. ನಾನು ಅದಕ್ಕೆ ಸಿದ್ಧನಿಲ್ಲ. ಆ ರಾಜ್ಯದ ದೂರಿನಲ್ಲಿ ಹುರುಳಿತ್ತು. 1993ರಲ್ಲಿ ಟೆಕ್ಸಸಿನ ಎಲ್ ಪಾಸೋದಲ್ಲಿ, 1994ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಫೆಡರಲ್ ಸರಕಾರ ಗಡಿಯ ಕಾವಲನ್ನು ಬಿಗಿಗೊಳಿಸಿತು. ನಗರಗಳ ಬಳಿ ದಾರಿ ಮುಚ್ಚಿದರೆ, ನಡುವಣ ಮರುಭೂಮಿಯ ಬಿಸಿಲಿಗೆ ಹೆದರಿ ಜನ ಬರುವುದನ್ನೇ ನಿಲ್ಲಿಸುತ್ತಾರೆಂಬುದು ವಾಷಿಂಗ್ಟನ್ನಿನ ಎಣಿಕೆ. ಜನ ನಿಲ್ಲಲಿಲ್ಲ. ಅಣೆಕಟ್ಟಿಗೆ ಒಂದು ಕಡೆ ಗೋಡೆ ಎತ್ತರಿಸಿದರೆ ನೀರು ತಗ್ಗಿದ್ದ ಕಡೆ ಹರಿಯುವಂತೆ, ವಲಸೆಯ ಪ್ರವಾಹವೆಲ್ಲ ಅರಿಜೋನಾದ 600 ಕಿಲೋಮೀಟರ್ ಗಡಿಯತ್ತ ತಿರುಗಿತು. 2010ರ ಹೊತ್ತಿಗೆ ಮೆಕ್ಸಿಕೋ ಗಡಿಯಲ್ಲಿ ಸಿಕ್ಕಿಬೀಳುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಟೂಸಾನ್ ವಲಯವೊಂದರಲ್ಲಿಯೇ ಸಿಗುತ್ತಿದ್ದರು. ಮರುಭೂಮಿಯಲ್ಲಿ ಬಾಯಾರಿ ಸತ್ತವರ ಹೆಣಗಳನ್ನು ಗುರುತಿಸುವ ಕೆಲಸವೂ ಸ್ಥಳೀಯ ಆಡಳಿತದ ಪಾಲಿಗೇ ಬಂದಿತು. 2010ರ ಮಾರ್ಚಿಯಲ್ಲಿ ಗಡಿಯ ಬಳಿ ದನ ಸಾಕುತ್ತಿದ್ದ ಜಮೀನುದಾರರೊಬ್ಬರ ಕೊಲೆಯಾಯಿತು. ಕೊಂದವನು ಗಡಿ ದಾಟಿ ಬಂದವನೇ ಎಂದು ಜನ ನಂಬಿದರು. ಒಂದು ತಿಂಗಳೊಳಗೆ ಮಸೂದೆ ಕಾಯಿದೆಯಾಯಿತು.

ಕಾಯಿದೆಗೆ ಜನಬೆಂಬಲವಿತ್ತು. 2010ರ ಮೇ ತಿಂಗಳಲ್ಲಿ ಪ್ಯೂ ಸಂಶೋಧನಾ ಕೇಂದ್ರ ಇಡೀ ದೇಶದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 59 ಮಂದಿ ಅದನ್ನು ಒಪ್ಪಿದ್ದರು. ಪೋಲೀಸರಲ್ಲಿ ಮಾತ್ರ ಒಮ್ಮತವಿರಲಿಲ್ಲ. ಪಿಮಾ ಕೌಂಟಿಯ ಷೆರಿಫ್ ಕ್ಲಾರೆನ್ಸ್ ಡುಪ್ನಿಕ್ ಬಹಿರಂಗವಾಗಿ ವಿರೋಧಿಸಿದರು. ರಾಜ್ಯದ ಪೋಲೀಸ್ ಮುಖ್ಯಸ್ಥರ ಸಂಘವೂ ವಿರೋಧಿಸಿತು. ಬಲಿಪಶುಗಳೂ ಸಾಕ್ಷಿಗಳೂ ಪೋಲೀಸರ ಬಳಿ ಬರಲು ಹೆದರಿದರೆ ಅಪರಾಧ ಪತ್ತೆ ಹೇಗೆ ಎಂಬುದು ಅವರ ವಾದ. ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯ ಷೆರಿಫ್ ಜೋ ಆರ್ಪಾಯೋ ಮಾತ್ರ ಕಾಯಿದೆಗೆ ಮುಂಚಿನಿಂದಲೇ ಇಂಥ ದಾಳಿಗಳಿಗೆ ಹೆಸರಾಗಿದ್ದವರು. ಅವರ ಕಚೇರಿ ಲ್ಯಾಟಿನೋ ಜನರನ್ನು ಜನಾಂಗದ ಆಧಾರದ ಮೇಲೆ ನಿಲ್ಲಿಸುತ್ತಿತ್ತೆಂದು 2013ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ನ್ಯಾಯಾಲಯದ ಆಜ್ಞೆಯನ್ನು ಧಿಕ್ಕರಿಸಿದ್ದಕ್ಕೆ 2017ರಲ್ಲಿ ಅವರು ಅಪರಾಧಿ ಎನಿಸಿಕೊಂಡರು. ಅದೇ ವರ್ಷ ಅಧ್ಯಕ್ಷ ಟ್ರಂಪ್ ಕ್ಷಮಾದಾನ ನೀಡಿದರು.

ಆ ದಿನಗಳಲ್ಲಿ ನನ್ನ ಅಕ್ಕನ ಮಗ ಫೀನಿಕ್ಸ್ ಪಕ್ಕದ ಚಾಂಡ್ಲರ್ ನಗರದಲ್ಲಿ ಎಂಜಿನಿಯರಾಗಿದ್ದ. ದೂರವಾಣಿಯಲ್ಲಿ ಈ ವಿಷಯ ಬಂದಾಗ ಅವನು ಕಾಯಿದೆಯ ಪರವಾಗಿಯೇ ಮಾತಾಡಿದ. “ಮಾಮಾ, ನಾವು ವೀಸಾಕ್ಕಾಗಿ ಸರದಿಯಲ್ಲಿ ನಿಂತು, ಶುಲ್ಕ ಕಟ್ಟಿ, ಬೆರಳಚ್ಚು ಕೊಟ್ಟು ಬಂದವರು. ಹಸಿರು ಕಾರ್ಡಿಗೆ ಇನ್ನೂ ಎಷ್ಟು ವರ್ಷ ಕಾಯಬೇಕೋ ಗೊತ್ತಿಲ್ಲ. ಬೇಲಿ ಹಾರಿ ಬಂದವನಿಗೆ ನಮಗಿಂತ ಮೊದಲು ಮನ್ನಣೆ ಸಿಗಬೇಕೆ?” ಎಂದು ಕೇಳಿದ. ಇದು ಅವನೊಬ್ಬನ ಮಾತಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಎಷ್ಟೋ ಬಂಧುಗಳು ಹೀಗೆಯೇ ಯೋಚಿಸುತ್ತಾರೆ. ಈ ಮಾತಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಸರದಿಯಲ್ಲಿ ನಿಂತವನ ಸಿಟ್ಟು ಸಹಜವಾದುದು.

ಆದರೆ ಎರಡು ಸಂಗತಿಗಳನ್ನು ಅವನ ಗಮನಕ್ಕೆ ತಂದೆ. ಮೊದಲನೆಯದು, ವಿದೇಶೀಯನು ನೋಂದಣಿ ಪತ್ರವನ್ನು ಮೈಮೇಲೆ ಇಟ್ಟುಕೊಂಡೇ ತಿರುಗಬೇಕೆಂಬ ಫೆಡರಲ್ ಕಾನೂನು ಮೊದಲಿನಿಂದಲೂ ಇದೆ. ಅದು ಎಚ್-1ಬಿ ವೀಸಾದವನಿಗೂ ಅನ್ವಯಿಸುತ್ತದೆ. ಅರಿಜೋನಾದ ಕಾಯಿದೆ ಪೂರ್ತಿಯಾಗಿ ಜಾರಿಗೆ ಬಂದರೆ, ಕಾಗದಗಳನ್ನು ಮನೆಯ ಕಪಾಟಿನಲ್ಲಿಟ್ಟು ಹಾಲು ತರಲು ಹೊರಟ ಕನ್ನಡಿಗ ಎಂಜಿನಿಯರನೂ ರಾಜ್ಯದ ಕಣ್ಣಿನಲ್ಲಿ ಅಪರಾಧಿಯೇ. ಅವನ ಮೈಬಣ್ಣ ಮೆಕ್ಸಿಕೋದವನದಕ್ಕಿಂತ ಬಹಳ ಬೇರೆಯೇನಲ್ಲ. ಎರಡನೆಯದು, ಬೇಲಿ ಹಾರಿ ಬರುವವರೂ ವೀಸಾ ಮುಗಿದ ಮೇಲೆ ಉಳಿಯುವವರೂ ನಮ್ಮಲ್ಲಿಯೂ ಇದ್ದಾರೆ. ಅಮೆರಿಕದಲ್ಲಿ ಪರವಾನಗಿಯಿಲ್ಲದೆ ಇರುವ ಭಾರತೀಯರು 2022ರಲ್ಲಿ 7 ಲಕ್ಷಕ್ಕಿಂತ ಹೆಚ್ಚೆಂದು ಪ್ಯೂ ಕೇಂದ್ರ ಅಂದಾಜು ಮಾಡಿತ್ತು. ಬೇರೆ ಸಂಸ್ಥೆಗಳ ಅಂದಾಜು 4 ಲಕ್ಷಕ್ಕೂ ಕಡಿಮೆ. ಅಂಕಿ ಯಾವುದೇ ಇರಲಿ, 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿದು, 104 ಭಾರತೀಯರು ಕೈಕಾಲುಗಳಿಗೆ ಸಂಕೋಲೆ ಹಾಕಿಸಿಕೊಂಡು ಬಂದ ಸುದ್ದಿ ತಿಳಿದಾಗ ನಮ್ಮ ಸಂಸತ್ತಿನಲ್ಲಿ ಎದ್ದ ಕೋಲಾಹಲವನ್ನು ನೀವೆಲ್ಲ ಬಲ್ಲಿರಿ. ಆ ದಿನ ಯಾರೂ ಸರದಿಯ ಮಾತೆತ್ತಲಿಲ್ಲ.

ಕಾನೂನಿನ ಒಂದು ಸೂಕ್ಷ್ಮವನ್ನು ಇಲ್ಲಿ ವಿವರಿಸಬೇಕು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ತಪಾಸಣೆ ತಪ್ಪಿಸಿ ಗಡಿ ದಾಟುವುದು ಅಪರಾಧ. ವೀಸಾದ ಅವಧಿ ಮೀರಿ ಉಳಿಯುವುದು ಸಾಮಾನ್ಯವಾಗಿ ಅಪರಾಧವಲ್ಲ, ಗಡೀಪಾರಿಗೆ ಎಡೆಮಾಡುವ ಸಿವಿಲ್ ಉಲ್ಲಂಘನೆ ಮಾತ್ರ. 1986ರಲ್ಲಿ ಅಧ್ಯಕ್ಷ ರೇಗನ್ ಅವರ ಕಾಲದಲ್ಲಿ ಬಂದ ಸುಧಾರಣಾ ಕಾಯಿದೆ, ಪರವಾನಗಿಯಿಲ್ಲದವನನ್ನು ತಿಳಿದೂ ಕೆಲಸಕ್ಕಿಟ್ಟುಕೊಂಡ ಧಣಿಗೆ ಶಿಕ್ಷೆ ವಿಧಿಸಿತು. ದುಡಿದ ಮಾತ್ರಕ್ಕೆ ಕೂಲಿಗಾರನನ್ನು ಜೈಲಿಗೆ ಕಳಿಸುವುದು ಬೇಡವೆಂದು ಕಾಂಗ್ರೆಸ್ ಆಲೋಚಿಸಿಯೇ ನಿರ್ಧರಿಸಿತ್ತು. ಅರಿಜೋನಾ ಈ ಕ್ರಮವನ್ನು ತಲೆಕೆಳಗು ಮಾಡಿತು. ಹಾಗೆ ನೋಡಿದರೆ 2007ರಲ್ಲಿಯೇ ಅದೇ ರಾಜ್ಯ, ಧಣಿಗಳ ವ್ಯಾಪಾರ ಪರವಾನಗಿಯನ್ನು ರದ್ದುಮಾಡುವ ಕಾಯಿದೆಯನ್ನು ತಂದಿತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು ಕೂಡ. ಅದರಡಿಯಲ್ಲಿ ಮೊಕದ್ದಮೆ ಎದುರಿಸಿದ ಧಣಿಗಳು ಮಾತ್ರ ಬೆರಳೆಣಿಕೆಯಷ್ಟು. ಕೆಲಸ ಕೊಟ್ಟವನ ಬಾಗಿಲಿಗೆ ಹೋಗುವುದಕ್ಕಿಂತ ಕೆಲಸ ಮಾಡಿದವನನ್ನು ರಸ್ತೆಯಲ್ಲಿ ನಿಲ್ಲಿಸುವುದು ಸುಲಭ. ಇದು ಅರಿಜೋನಾಕ್ಕೆ ಮೀಸಲಾದ ದೌರ್ಬಲ್ಯವೇನೂ ಅಲ್ಲ.

ರಾಜ್ಯಗಳು ಹೀಗೆ ತಾವೇ ಮುಂದಾಗುವುದು ಅಮೆರಿಕದಲ್ಲಿ ಹೊಸತಲ್ಲ. ಅದರ ಬಿಸಿ ಭಾರತೀಯರಿಗೂ ತಟ್ಟಿದೆ. 19ನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ಅಧಿಕಾರಿಯೊಬ್ಬ ಹಡಗಿನಿಂದ ಇಳಿಯುತ್ತಿದ್ದ 22 ಚೀನೀ ಹೆಂಗಸರನ್ನು ಅವರ ನಡತೆ ಸರಿಯಿಲ್ಲವೆಂದು ತಾನೇ ತೀರ್ಮಾನಿಸಿ ತಡೆದಾಗ, ಒಂದು ರಾಜ್ಯದ ಇಂಥ ವರ್ತನೆ ಇಡೀ ದೇಶವನ್ನು ಇನ್ನೊಂದು ದೇಶದೊಡನೆ ಕಲಹಕ್ಕೆ ಎಳೆಯಬಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿ ಆ ಕಾನೂನನ್ನು ತಳ್ಳಿಹಾಕಿತು. 1913ರಲ್ಲಿ ಅದೇ ರಾಜ್ಯ, ‘ಪೌರತ್ವಕ್ಕೆ ಅನರ್ಹರಾದ ವಿದೇಶೀಯರು’ ಬೇಸಾಯದ ಭೂಮಿಯನ್ನು ಕೊಳ್ಳಕೂಡದೆಂದು ಶಾಸನ ಮಾಡಿತು. ಯಾವ ಜನಾಂಗದ ಹೆಸರೂ ಅದರಲ್ಲಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಕಾನೂನಿನ ಅರ್ಥದಲ್ಲಿ ‘ಬಿಳಿಯರ’ಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದೇ ತಡ, ಇಂಪೀರಿಯಲ್ ಕಣಿವೆಯ ಪಂಜಾಬಿ ಬೇಸಾಯಗಾರರೂ ಆ ಶಾಸನದ ಬಲೆಗೆ ಬಿದ್ದರು. ತಾವೇ ಹಸನು ಮಾಡಿದ ಹೊಲವನ್ನು ಪರಿಚಯದ ಅಮೆರಿಕನ್ನರ ಹೆಸರಿನಲ್ಲೋ, ಅಲ್ಲಿಯೇ ಹುಟ್ಟಿ ಪೌರರಾಗಿದ್ದ ತಮ್ಮ ಮಕ್ಕಳ ಹೆಸರಿನಲ್ಲೋ ಇಟ್ಟುಕೊಂಡು ಅವರು ದಿನ ದೂಡಿದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಅದಾಗಿ ಹತ್ತು ವರ್ಷಕ್ಕೆ, 1956ರಲ್ಲಿ, ಅದೇ ಸೀಮೆಯ ಬೇಸಾಯಗಾರ ದಲೀಪ್ ಸಿಂಗ್ ಸೌಂದ್ ಅಮೆರಿಕದ ಕಾಂಗ್ರೆಸ್ಸಿಗೆ ಚುನಾಯಿತರಾದರು.

ಮತ್ತೆ 2010ಕ್ಕೆ ಬರೋಣ. ಜುಲೈ 6ರಂದು ಒಬಾಮಾ ಸರಕಾರ ರಾಜ್ಯದ ಮೇಲೆ ದಾವೆ ಹೂಡಿತು. ಕಾಯಿದೆ ಜಾರಿಗೆ ಬರಬೇಕಾಗಿದ್ದ ಹಿಂದಿನ ದಿನ, ಜುಲೈ 28ರಂದು, ನ್ಯಾಯಾಧೀಶೆ ಸೂಸನ್ ಬೋಲ್ಟನ್ ನಾನು ಹೇಳಿದ ನಾಲ್ಕೂ ವಿಧಿಗಳಿಗೆ ತಡೆಯಾಜ್ಞೆ ಕೊಟ್ಟರು. 2012ರ ಜೂನ್ 25ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನ್ಯಾಯಮೂರ್ತಿ ಕೆನಡಿ ಬಹುಮತದ ತೀರ್ಪನ್ನು ಬರೆದರು. ನೋಂದಣಿ ಪತ್ರ, ಕೆಲಸ, ವಾರಂಟ್ ಇಲ್ಲದ ದಸ್ತಗಿರಿ ಈ ಮೂರೂ ಬಿದ್ದುಹೋದವು. ವಿದೇಶೀಯರ ನೋಂದಣಿ ಇಡೀ ದೇಶಕ್ಕೆ ಒಂದೇ ಆಗಿರಬೇಕೆಂಬ 1941ರ ತೀರ್ಪೊಂದು ಅದಾಗಲೇ ಇತ್ತು. ಆದರೆ ‘ಕಾಗದ ತೋರಿಸು’ ಎಂಬ ನಾಲ್ಕನೆಯ ವಿಧಿ ಮಾತ್ರ ಸದ್ಯಕ್ಕೆ ಉಳಿಯಿತು. ಅದರ ಬಳಕೆಯಲ್ಲಿ ಅನ್ಯಾಯ ಕಂಡುಬಂದರೆ ಆಗ ನೋಡೋಣವೆಂದು ನ್ಯಾಯಾಲಯ ಹೇಳಿತು. ನ್ಯಾಯಮೂರ್ತಿ ಸ್ಕಾಲಿಯಾ ತೀವ್ರ ಭಿನ್ನಮತ ಬರೆದರು: ತನ್ನ ಗಡಿಯೊಳಗೆ ಯಾರಿರಬೇಕೆಂಬುದನ್ನು ತೀರ್ಮಾನಿಸಲಾಗದ ರಾಜ್ಯ ಸಾರ್ವಭೌಮ ಹೇಗಾದೀತು ಎಂಬುದು ಅವರ ಪ್ರಶ್ನೆ. ನಾನು ಬಹುಮತದ ತೀರ್ಪನ್ನು ಒಪ್ಪುವವನಾದರೂ ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾರೆ. ಶಾಲೆಯ ಬೆಂಚು, ಆಸ್ಪತ್ರೆಯ ಮಂಚ, ಸೆರೆಮನೆಯ ಕೋಣೆ ಈ ಖರ್ಚೆಲ್ಲ ರಾಜ್ಯದ್ದು, ಕೌಂಟಿಯದು; ವಲಸೆಗಾರರು ಕಟ್ಟುವ ಸಾಮಾಜಿಕ ಭದ್ರತೆಯ ವಂತಿಗೆ ಹೋಗುವುದು ಮಾತ್ರ ವಾಷಿಂಗ್ಟನ್ನಿಗೆ. ಅಧಿಕಾರ ಒಬ್ಬರ ಕೈಯಲ್ಲಿ, ಹೊರೆ ಇನ್ನೊಬ್ಬರ ಹೆಗಲ ಮೇಲೆ. ಕೇಂದ್ರದ ನೌಕರನಾಗಿ ಹೇಳುತ್ತಿದ್ದೇನೆ, ಕೇಂದ್ರಗಳಿಗೆ ಈ ಸ್ಥಿತಿ ಬಹಳ ಒಗ್ಗುತ್ತದೆ.

ರಸೆಲ್ ಪಿಯರ್ಸ್ ಅವರನ್ನು 2011ರ ನವೆಂಬರಿನಲ್ಲಿ ಅವರದೇ ಕ್ಷೇತ್ರದ ಮತದಾರರು ವಾಪಸು ಕರೆಸುವ ಚುನಾವಣೆಯಲ್ಲಿ ಸೋಲಿಸಿದರು. ಆದರೆ ಅವರ ಮಸೂದೆಯ ಮಕ್ಕಳು ಬೇರೆ ರಾಜ್ಯಗಳಲ್ಲಿ ಹುಟ್ಟಾಗಿದ್ದವು. ಜಾರ್ಜಿಯಾದಲ್ಲಿ 2011ರ ಕಾಯಿದೆಯ ನಂತರ ಹೊಲಗಳಿಗೆ ಆಳುಗಳಿಲ್ಲದಂತಾಗಿ, ಶಿಕ್ಷೆಗೊಳಗಾಗಿ ಪ್ರೊಬೇಷನ್ನಿನ ಮೇಲಿದ್ದವರನ್ನು ಕೊಯ್ಲಿಗೆ ಕಳಿಸುವ ಸಲಹೆಯನ್ನು ಗವರ್ನರರೇ ಕೊಟ್ಟರು. ಅಲಬಾಮಾದ ಕಾಯಿದೆ ಎಲ್ಲಕ್ಕಿಂತ ಕಠೋರ. ಬಾಡಿಗೆ ಮನೆ, ಕರಾರು ಪತ್ರಗಳ ತನಕ ಅದು ಕೈಚಾಚಿತು. ಶಾಲೆಗೆ ಸೇರುವ ಮಕ್ಕಳ ವಲಸೆಯ ಸ್ಥಿತಿಯನ್ನು ಶಾಲೆಗಳು ದಾಖಲಿಸಬೇಕೆಂದಿತು. ಅಲ್ಲಿ ಟೊಮೇಟೊ ಗಿಡದಲ್ಲಿಯೇ ಕೊಳೆಯಿತು. 2011ರ ನವೆಂಬರಿನಲ್ಲಿ ಟಸ್ಕಲೂಸಾ ನಗರದಲ್ಲಿ ಪೋಲೀಸರು ಬಾಡಿಗೆ ಕಾರೊಂದನ್ನು ತಡೆದು, ಸರಿಯಾದ ಕಾಗದವಿಲ್ಲವೆಂದು ಚಾಲಕನನ್ನು ಬಂಧಿಸಿದರು. ಆತ ಮರ್ಸಿಡಿಸ್ ಕಂಪನಿಯ ಜರ್ಮನ್ ಅಧಿಕಾರಿ! ಆ ಕಂಪನಿಯ ಕಾರ್ಖಾನೆಯನ್ನು ತಮ್ಮಲ್ಲಿಗೆ ತರಲು ಅದೇ ರಾಜ್ಯ ಹಿಂದೆ ಕೋಟ್ಯಂತರ ಡಾಲರುಗಳ ರಿಯಾಯಿತಿ ಕೊಟ್ಟಿತ್ತು. ದೇಶವೆಲ್ಲ ನಕ್ಕಿತು. ಜರ್ಮನ್ ಅಧಿಕಾರಿಯ ಪಾಸ್‌ಪೋರ್ಟು ಹೋಟೆಲಿನಿಂದ ಬಂದೊಡನೆ ಬಿಡುಗಡೆಯಾಯಿತು.

ನಗು ಬಾರದ ಸಂಗತಿ ಶಾಲೆಯದು. ಕಾಯಿದೆ ಜಾರಿಗೆ ಬಂದ ವಾರವೇ ಎರಡು ಸಾವಿರಕ್ಕೂ ಹೆಚ್ಚು ಲ್ಯಾಟಿನೋ ಮಕ್ಕಳು ತರಗತಿಗೆ ಬರಲಿಲ್ಲ. ಅವರಲ್ಲಿ ಅಮೆರಿಕದಲ್ಲಿಯೇ ಹುಟ್ಟಿ ಪೌರರಾದವರೂ ಇದ್ದರು. ತಂದೆ ತಾಯಿ ಬಾಗಿಲು ಹಾಕಿಕೊಂಡು ಕುಳಿತಿದ್ದರು. ಹಿಂದೆ 1975ರಲ್ಲಿ ಟೆಕ್ಸಸ್ ರಾಜ್ಯ ಇಂಥ ಮಕ್ಕಳಿಗೆ ಉಚಿತ ಶಿಕ್ಷಣವನ್ನು ನಿರಾಕರಿಸಲು ಹೊರಟಾಗ, 1982ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದು ನಾಲ್ಕರ ಬಹುಮತದಿಂದ ಅದನ್ನು ರದ್ದು ಮಾಡಿತ್ತು. ಹೆತ್ತವರ ತಪ್ಪಿಗೆ ಮಕ್ಕಳನ್ನು ಅನಕ್ಷರಸ್ಥರನ್ನಾಗಿ ಮಾಡಿ ರಾಜ್ಯಕ್ಕೆ ಬರುವ ಲಾಭವೇನೆಂಬುದು ನ್ಯಾಯಮೂರ್ತಿ ಬ್ರೆನನ್ ಅವರ ತರ್ಕದ ತಿರುಳು. ಆ ತೀರ್ಪಿನ ಬಲದಿಂದ 1994ರ ಕ್ಯಾಲಿಫೋರ್ನಿಯಾದ 187ನೆಯ ಪ್ರಸ್ತಾವನೆ ತಡೆಗೊಂಡಿತು. ಅಲಬಾಮಾದ ಶಾಲಾ ವಿಧಿಯೂ 2012ರಲ್ಲಿ ಬಿದ್ದಿತು. 2023ರ ಡಿಸೆಂಬರಿನಲ್ಲಿ ಟೆಕ್ಸಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಕ್ರಮ ಪ್ರವೇಶವನ್ನು ರಾಜ್ಯದ ಅಪರಾಧವನ್ನಾಗಿಸಿ, ದೇಶ ಬಿಟ್ಟು ಹೋಗೆಂದು ಆಜ್ಞಾಪಿಸುವ ಅಧಿಕಾರವನ್ನು ತನ್ನ ನ್ಯಾಯಾಧೀಶರಿಗೇ ಕೊಟ್ಟಿತು. 2024ರ ಮಾರ್ಚ್ 19ರಂದು ಸರ್ವೋಚ್ಚ ನ್ಯಾಯಾಲಯದ ಅಪ್ಪಣೆಯಿಂದ ಆ ಕಾಯಿದೆ ಕೆಲವು ಗಂಟೆಗಳ ಕಾಲ ಜೀವ ತಳೆದು, ಅದೇ ರಾತ್ರಿ ಕೆಳಗಿನ ನ್ಯಾಯಾಲಯದಲ್ಲಿ ಮತ್ತೆ ತಡೆಗೊಳಗಾಯಿತು. ಟೆಕ್ಸಸ್ ಕಳಿಸಿದವರನ್ನು ಸ್ವೀಕರಿಸುವುದಿಲ್ಲವೆಂದು ಮೆಕ್ಸಿಕೋ ಸರಕಾರ ಆಗ ಸ್ಪಷ್ಟವಾಗಿ ಹೇಳಿತು. ಚೀನೀ ಹೆಂಗಸರ ಮೊಕದ್ದಮೆಯಲ್ಲಿ ನ್ಯಾಯಾಲಯ ಊಹಿಸಿದ್ದು ಇದನ್ನೇ.

ಇನ್ನು ನಮ್ಮ ಮನೆಯ ಮಾತು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೌರತ್ವ, ವಿದೇಶೀಯರು, ಪ್ರವೇಶ, ಉಚ್ಚಾಟನೆ ಇವೆಲ್ಲ ಕೇಂದ್ರದ ಪಟ್ಟಿಯಲ್ಲಿವೆ. ಹೀಗಾಗಿ ಅರಿಜೋನಾದಂಥ ಕಾಯಿದೆಯನ್ನು ಇಲ್ಲಿಯ ಯಾವ ವಿಧಾನಸಭೆಯೂ ಮಾಡಲಾರದು. ಆದರೆ 258ನೆಯ ವಿಧಿಯ ಮೇರೆಗೆ ಹುಡುಕುವ, ಹಿಡಿಯುವ, ಕಳಿಸುವ ಕೆಲಸವನ್ನು ಕೇಂದ್ರ ರಾಜ್ಯಗಳಿಗೆ ವಹಿಸಿಕೊಟ್ಟಿದೆ. ಅಲ್ಲಿ ರಾಜ್ಯ ಕೇಳಿದರೂ ಕೊಡದ ಕೆಲಸ ಇಲ್ಲಿ ಕೇಳದೆಯೇ ಸಿಕ್ಕಿದೆ. ಅಸ್ಸಾಮಿನದು ಇನ್ನೊಂದು ವಿಚಿತ್ರ. 1983ರಲ್ಲಿ ಸಂಸತ್ತು ಆ ರಾಜ್ಯಕ್ಕೆಂದೇ ಒಂದು ಮೃದು ಕಾಯಿದೆಯನ್ನು ಮಾಡಿ, ವಿದೇಶೀಯನೆಂದು ರುಜುವಾತು ಮಾಡುವ ಹೊಣೆಯನ್ನು ಆರೋಪಿಸಿದವರ ಮೇಲೆ ಹಾಕಿತು. ದೇಶದ ಉಳಿದೆಡೆ 1946ರ ವಿದೇಶೀಯರ ಕಾಯಿದೆಯ ಪ್ರಕಾರ ಆ ಹೊಣೆ ಆರೋಪಕ್ಕೊಳಗಾದವನದೇ ಆಗಿತ್ತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮೃದು ಕಾಯಿದೆಯನ್ನು ರದ್ದು ಮಾಡಿತು. 2019ರ ಆಗಸ್ಟ್ 31ರಂದು ಪ್ರಕಟವಾದ ಅಲ್ಲಿಯ ಪೌರರ ನೋಂದಣಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಹೆಸರಿನ ಕಾಗುಣಿತದಲ್ಲಿ ಒಂದಕ್ಷರ ವ್ಯತ್ಯಾಸವಾದವರು, ಮದುವೆಯಾಗಿ ಬೇರೆ ಊರಿಗೆ ಹೋಗಿ ತವರಿನ ದಾಖಲೆ ತರಲಾಗದ ಹೆಂಗಸರು, ಎಲ್ಲ ಅದರಲ್ಲಿದ್ದರು. ಅಸ್ಸಾಮಿನ ಜನರ ಆತಂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ತಮ್ಮ ನೆಲದಲ್ಲಿಯೇ ತಮ್ಮ ಭಾಷೆ ಅಲ್ಪಸಂಖ್ಯೆಗೆ ಇಳಿಯುವ ಭಯ ಕನ್ನಡಿಗರಿಗೆ ಅರ್ಥವಾಗದ್ದೇನಲ್ಲ.

ಐದು ರಾಜ್ಯಗಳಲ್ಲಿ ವರ್ಗಾವಣೆಯಾಗಿ ಬದುಕಿದ ನನ್ನ ಕುಟುಂಬದ ಕಾಗದಗಳಲ್ಲಿ ನನ್ನ ಹೆಸರು ಮೂರು ಬಗೆಯಾಗಿದೆ. ಒಂದರಲ್ಲಿ ಊರಿನ ಹೆಸರು ಮೊದಲು, ಒಂದರಲ್ಲಿ ತಂದೆಯ ಹೆಸರು ಕೊನೆಗೆ, ಇನ್ನೊಂದರಲ್ಲಿ ಎರಡೂ ಇಲ್ಲ. ಈ ಸಭೆಯಲ್ಲಿ ಕುಳಿತಿರುವ ಅನೇಕರ ಪಾಡೂ ಇದೇ ಇರಬಹುದು. ನಾನು ಸರಕಾರಿ ಗುರುತಿನ ಚೀಟಿಯ ಬಲದಿಂದ ಪಾರಾಗುತ್ತೇನೆ. ಕಟ್ಟಡದ ಕೆಲಸಕ್ಕೆ ಬಂದವನು ಪಾರಾಗುವುದಿಲ್ಲ. 2025ರಲ್ಲಿ ಹಲವು ರಾಜ್ಯಗಳಲ್ಲಿ ಬಾಂಗ್ಲಾದೇಶೀಯರ ಶೋಧ ನಡೆದಾಗ, ಬಂಗಾಳಿ ಮಾತಾಡುತ್ತಿದ್ದ ಪಶ್ಚಿಮ ಬಂಗಾಳದ ಕೂಲಿಕಾರರೂ ಠಾಣೆಗಳಲ್ಲಿ ಕುಳಿತಿರಬೇಕಾಯಿತು. ಕೆಲವರನ್ನು ಗಡಿಯಾಚೆ ಕಳಿಸಿದ ಪ್ರಕರಣಗಳು ನ್ಯಾಯಾಲಯಗಳನ್ನು ಮುಟ್ಟಿದವು. ಅಲ್ಲಿ ಸಂಶಯಕ್ಕೆ ಕಾರಣ ಬಣ್ಣವಲ್ಲ, ಆಡುವ ಭಾಷೆ. 1966ರ ನಂತರದ ಮುಂಬಯಿಯಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆದ ದಿನಗಳನ್ನು ನಮ್ಮ ಹಿರಿಯರು ಬಲ್ಲರು. ಆಗ ನಾವು ಈ ದೇಶದ ಪೌರರೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು 19ನೆಯ ವಿಧಿ ಕೊಟ್ಟಿತ್ತು. ಆದರೂ ಅಂಗಡಿಯ ಫಲಕದ ಮೇಲಿನ ಹೆಸರು ಸಾಕಾಗಿತ್ತು.

2025ರ ಸೆಪ್ಟೆಂಬರ್ 1ರಂದು, 1946ರ ಕಾಯಿದೆಯೂ ಸೇರಿದಂತೆ ನಾಲ್ಕು ಹಳೆಯ ಕಾಯಿದೆಗಳ ಜಾಗದಲ್ಲಿ ವಲಸೆ ಮತ್ತು ವಿದೇಶೀಯರ ಹೊಸ ಕಾಯಿದೆ ಜಾರಿಗೆ ಬಂದಿದೆ. ಹಳೆಯದನ್ನು ಒಂದೆಡೆ ಸೇರಿಸಿ ಸರಳಗೊಳಿಸಿದ್ದು ಒಳ್ಳೆಯ ಕೆಲಸ. ಆದರೆ ತಾನು ವಿದೇಶೀಯನಲ್ಲವೆಂದು ರುಜುವಾತು ಮಾಡುವ ಹೊಣೆ ಈಗಲೂ ಕೇಳಿಸಿಕೊಂಡವನ ಮೇಲೆಯೇ ಇದೆ. ಯಾವ ಕಾಗದ ಆ ರುಜುವಾತಿಗೆ ಸಾಕು ಎಂಬುದನ್ನು ಒಂದು ಪಟ್ಟಿಯಾಗಿ, ಕೂಲಿಕಾರನ ಭಾಷೆಯಲ್ಲಿ, ಪ್ರತಿ ಠಾಣೆಯ ಗೋಡೆಯ ಮೇಲೆ ತೂಗುಹಾಕಬೇಕೆಂಬುದು ನನ್ನ ಸಣ್ಣ ಸೂಚನೆ. ಅರಿಜೋನಾದ ಆ ಕಾಯಿದೆಯಲ್ಲಿಯೂ ಇದೊಂದು ಇತ್ತು: ರಾಜ್ಯದ ವಾಹನ ಚಾಲನಾ ಪತ್ರವನ್ನು ತೋರಿಸಿದವನನ್ನು ಸಕ್ರಮ ನಿವಾಸಿಯೆಂದೇ ಭಾವಿಸಬೇಕು ಎಂದು ಅದು ಬರೆದಿಟ್ಟಿತ್ತು. ನಮ್ಮಲ್ಲಿ ಆಧಾರ್ ಚೀಟಿ ಪೌರತ್ವದ ಪುರಾವೆಯಲ್ಲ; ಹಾಗಾದರೆ ಯಾವುದು ಪುರಾವೆ ಎಂದು ಕೇಳಿದರೆ ನನ್ನ ಸಹೋದ್ಯೋಗಿಗಳಲ್ಲಿ ಮೂವರು ಮೂರು ಉತ್ತರ ಕೊಡುತ್ತಾರೆ.

ಪ್ರಶ್ನೆಗಳಿಗೆ ಅರ್ಧ ಗಂಟೆ ಉಳಿಸಬೇಕೆಂದು ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ.